ಇಲ್ಲದ ಶಬ್ದ

ಹಲ್ಲಿನ ಮೇಷ್ಟ್ರ ಕಾರಿನಲ್ಲಿ ಒಂದು ಶಬ್ದವಿದೆ ಎಂದು ಆ ದಿನ ಮೊದಲು ಬಾಯಿ ಬಿಟ್ಟವರು ಅವರ ಹೆಂಡತಿ. ಬೆಳಗ್ಗೆ ಎಂಟು ಗಂಟೆಗೆ ಮೇಷ್ಟ್ರು ಕಾರನ್ನು ಗೇಟಿನಾಚೆ ತಂದು, ಇಂಜಿನ್ ಬಂದ್ ಮಾಡದೆ, ಒದ್ದೆ ಬಟ್ಟೆಯಿಂದ ಮುಂದಿನ ಗಾಜು ಒರೆಸುತ್ತಿದ್ದರು. ಹೆಂಡತಿ ಕಾಫಿ ಲೋಟ ಹಿಡಿದು ಬಂದವರು ಅಲ್ಲೇ ನಿಂತು, ಕತ್ತು ಒಂದು ಕಡೆಗೆ ವಾಲಿಸಿ ಆಲಿಸಿದರು.

"ರೀ, ಕೀಚ್ ಕೀಚ್ ಅಂತಿದೆ."

"ಏನೂ ಅಂತಿಲ್ಲ," ಎಂದರು ಮೇಷ್ಟ್ರು, ಲೋಟ ತೆಗೆದುಕೊಂಡು.

ಬೇರೆ ದಿನವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಕಾರಿನ ಎಫ್.ಸಿ. ಇತ್ತು. ಗಾಡಿ ಇನ್ನೂ ರಸ್ತೆಯ ಮೇಲೆ ಓಡಲು ಲಾಯಕ್ಕು ಎಂದು ಬ್ರೇಕ್ ಇನ್‌ಸ್ಪೆಕ್ಟರು ಬರೆದುಕೊಟ್ಟರೆ ಇನ್ನೈದು ವರ್ಷ ಅದು ಮನೆಯ ಮುಂದೆ ಇರುತ್ತದೆ. ಬರೆದುಕೊಡದಿದ್ದರೆ ಮಾರನೆಯ ಬೆಳಗ್ಗೆ ಗುಜರಿಯವನ ಲಾರಿ ಬಂದು ಎಳೆದುಕೊಂಡು ಹೋಗುತ್ತದೆ. ಗಂಡಹೆಂಡಿರ ನಡುವೆ ಹೀಗೆಂದು ಒಪ್ಪಂದವಾಗಿತ್ತು. ಹೆಂಡತಿ ಆರು ವರ್ಷದಿಂದ ಆ ಲಾರಿಯ ದಾರಿ ಕಾಯುತ್ತಿದ್ದರು.

ಹಲ್ಲಿನ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಪೇಟೆಯ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಮೂವತ್ತು ವರ್ಷದಿಂದ ಹಲ್ಲುಸೆಟ್ಟು ತಯಾರಿಸುತ್ತಿರುವವರು. ಪ್ಲಾಸ್ಟರಿನ ಅಚ್ಚು ಹೊಯ್ದು, ಹಲ್ಲು ಜೋಡಿಸಿ, ಗಿರಗಿರ ತಿರುಗುವ ಉಜ್ಜುಯಂತ್ರಕ್ಕೆ ಹಿಡಿದು ನಯ ಮಾಡುವುದು ಅವರ ಕೆಲಸ. ಊರಿನ ಅರ್ಧ ಜನ ಅವರ ದಯೆಯಿಂದ ಚಕ್ಕುಲಿ ಕಡಿಯುತ್ತಿದ್ದಾರೆ. ಅಂಥವರಿಗೆ ತಮ್ಮ ಕೈಯಲ್ಲಿರುವ ಯಾವ ವಸ್ತುವೂ ಹಾಳಾಗಿದೆ ಎಂದು ಒಪ್ಪಿಕೊಳ್ಳುವ ಅಭ್ಯಾಸವೇ ಇರಲಿಲ್ಲ.

ಕಾರಿಗೆ ಇಪ್ಪತ್ತು ವರ್ಷ. ಎಂಟು ವರ್ಷ ಇನ್ಯಾರದೋ ಮನೆಯಲ್ಲಿದ್ದು ಆಮೇಲೆ ಇವರ ಕೈಗೆ ಬಂದದ್ದು. ಪೆಟ್ರೋಲಿನ ಮುಳ್ಳು ಸದಾ ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಅದು ತೃಪ್ತಿಯ ಲಕ್ಷಣ ಎನ್ನುತ್ತಿದ್ದರು ಮೇಷ್ಟ್ರು. ಎಡಗಡೆಯ ಕಿಟಕಿ ಗಾಜನ್ನು ಇಳಿಸಲು ಹಿಡಿಕೆ ಬೇಕು, ಏರಿಸಲು ಎರಡು ಅಂಗೈ ಬೇಕು. ಏಸಿ ಹಾಕಿದರೆ ಬಿಸಿಗಾಳಿ ಬರುತ್ತಿತ್ತು, ಅದೂ ಬೇಸಗೆಯಲ್ಲಿ ಮಾತ್ರ. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ರೇಡಿಯೇಟರು ಆವಿ ಬಿಡುತ್ತಿತ್ತು. ಏರುದಾರಿಯಲ್ಲಿ ಕ್ಲಚ್ ಜಾರುತ್ತದೆ ಎಂದು ಎಲ್ಲರನ್ನೂ ಇಳಿಸಿ ನಡೆಸುವುದು ಆ ಮನೆಯಲ್ಲಿ ಊಟದ ಮುಂಚೆ ಕೈ ತೊಳೆಯುವಷ್ಟೇ ಸಹಜವಾಗಿತ್ತು. ಇವು ಯಾವುವೂ ಮೇಷ್ಟ್ರ ಲೆಕ್ಕದಲ್ಲಿ ದೋಷಗಳಲ್ಲ, ಗಾಡಿಯ ಸ್ವಭಾವ.

ಆದರೆ ಶಬ್ದದ ಮಾತು ಬೇರೆ. ಆ ವರ್ಷ ಬಂದಿದ್ದ ಬ್ರೇಕ್ ಇನ್‌ಸ್ಪೆಕ್ಟರಿಗೆ ಊರವರು 'ಕಿವಿ ಸಾಹೇಬ' ಎಂದು ಹೆಸರಿಟ್ಟಿದ್ದರು. ಆತ ಗಾಡಿಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದ. ಪಕ್ಕದ ಸೀಟಿನಲ್ಲಿ ಕೂತು, ಇಂಜಿನ್ ಶುರು ಮಾಡಲು ಹೇಳಿ, ಕಣ್ಣು ಮುಚ್ಚುತ್ತಿದ್ದ. ಹೋದ ತಿಂಗಳು ಒಂದು ಲಾರಿಯಲ್ಲಿ ಹಾಗೆ ಕೂತು, ಕಣ್ಣು ತೆರೆಯದೆಯೇ ಯಾವ ಚಕ್ರದ ಯಾವ ನಟ್ಟು ಸಡಿಲವಾಗಿದೆ ಎಂದು ಹೇಳಿದ್ದನಂತೆ. ಅಂಥವನ ಮುಂದೆ ಕೀಚ್ ಎಂದರೆ ಮುಗಿಯಿತು.

"ಇದ್ದರೆ ತಾನೇ ಕೇಳಿಸೋದು," ಎಂದು ಮೇಷ್ಟ್ರು ಕಾಫಿ ಕುಡಿದು ಮುಗಿಸಿದರು.

ಅಷ್ಟರಲ್ಲಿ ಪಕ್ಕದ ಮನೆಯ ಸಂಗೀತದ ಟೀಚರ್ ಗೋಡೆಯ ಮೇಲಿಂದ ತಲೆ ಹಾಕಿದರು. ಶಬ್ದವಿದೆಯೋ ಇಲ್ಲವೋ ಎನ್ನುವುದು ಅವರಿಗೆ ಪ್ರಶ್ನೆಯೇ ಆಗಿರಲಿಲ್ಲ. ಅದು ತಾರಸ್ಥಾಯಿಯಲ್ಲಿದೆ, ಕೂದಲೆಳೆಯಷ್ಟು ಅಪಶ್ರುತಿ, ನಾಲ್ಕು ದಿನದಿಂದ ತಮ್ಮ ಬೆಳಗಿನ ಶಿಷ್ಯೆಯರೆಲ್ಲ ತಂಬೂರಿ ಬಿಟ್ಟು ಆ ಕಾರಿಗೇ ಶ್ರುತಿ ಸೇರಿಸುತ್ತಿದ್ದಾರೆ ಎಂದು ಅವರು ಬೇಸರದಿಂದ ಹೇಳಿದರು. ಎದುರು ಮನೆಯಿಂದ ರಿಟೈರ್ಡ್ ರೈಲ್ವೆ ಗಾರ್ಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಯಾರೂ ಕರೆಯದಿದ್ದರೂ ಬಂದರು. ಮೂವತ್ತನಾಲ್ಕು ವರ್ಷ ಗಾಲಿಗಳ ಮೇಲೆ ಬದುಕಿದವರು ಅವರು. ಅಂಗಿಯ ಜೇಬಿನಲ್ಲಿ ಇವತ್ತಿಗೂ ಸರ್ವಿಸ್ಸಿನ ಸೀಟಿ ಇರುತ್ತಿತ್ತು. ಟವೆಲನ್ನು ರಸ್ತೆಗೆ ಹಾಸಿ ಅಂಗಾತ ಮಲಗಿ, ಕಾರಿನ ಅಡಿಗೆ ತಲೆ ತೂರಿಸಿ, "ಹಿಂದಿನ ಸೀಟಿನ ಕೆಳಗೆ," ಎಂದು ತೀರ್ಪು ಕೊಟ್ಟರು.

ಟೀಚರ್ ಪ್ರಕಾರ ಶಬ್ದ ಮುಂದುಗಡೆಯಿಂದ ಬರುತ್ತಿತ್ತು. ಹೆಂಡತಿ ಪ್ರಕಾರ ಎಲ್ಲ ಕಡೆಯಿಂದ. ಓಡಿಸಿ ನೋಡೋಣ ಎಂದು ಮೂವರೂ ಹತ್ತಿ ಕೂತರು. ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದಾಗ ಮೂವರ ಅಭಿಪ್ರಾಯವೂ ಮೊದಲಿಗಿಂತ ಗಟ್ಟಿಯಾಗಿತ್ತು.

"ಮೂರು ಜನಕ್ಕೆ ಮೂರು ಕಡೆ ಕೇಳಿಸ್ತಿದೆ ಅಂದ್ರೆ ಎಲ್ಲೂ ಇಲ್ಲ ಅಂತಲೇ ಅರ್ಥ," ಎಂದರು ಮೇಷ್ಟ್ರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಗಾರ್ಡ್ ಸುಮ್ಮನಾಗುವವರಲ್ಲ. ಡಿಕ್ಕಿ ತೆರೆಯಿರಿ ಎಂದರು. ತೆರೆದರೆ ಅಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರ ಮುಚ್ಚಳ ಎತ್ತಿದವರೇ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಒಳಗೆ ನಲವತ್ತು ಬಾಯಿಗಳ ಪ್ಲಾಸ್ಟರ್ ಅಚ್ಚುಗಳು, ಮೇಲಿನ ದವಡೆಯೂ ಕೆಳಗಿನ ದವಡೆಯೂ ಜೋಡಿ ಜೋಡಿಯಾಗಿ, ಅವರ ಕಡೆಗೇ ಹಲ್ಲು ಕಿರಿಯುತ್ತಿದ್ದವು. ಕಾರು ಅಲುಗಿದಾಗಲೆಲ್ಲ ಅವು ಚಳಿ ಹಿಡಿದವರಂತೆ ಕಟಕಟ ಅನ್ನುತ್ತಿದ್ದದ್ದು ನಿಜ. ಸಿಕ್ಕಿತು ಶಬ್ದ ಎಂದು ಗಾರ್ಡ್ ಸಂಭ್ರಮಪಟ್ಟರು. ಪೆಟ್ಟಿಗೆ ಇಳಿಸಿ ಇಂಜಿನ್ ಶುರು ಮಾಡಿದರೆ ಕೀಚ್ ಕೀಚ್ ಹಾಗೇ ಇತ್ತು. ಪೆಟ್ಟಿಗೆ ಸಂಜೆಯೊಳಗೆ ಕ್ಲಿನಿಕ್ಕಿಗೆ ತಲುಪಬೇಕಿದ್ದರಿಂದ ಅದನ್ನು ಮತ್ತೆ ಡಿಕ್ಕಿಗೇ ಇಟ್ಟರು.

ಹೆಂಡತಿಗೆ ಒಳಗೊಳಗೇ ಖುಷಿ. ಆದರೂ ಸಂಸಾರ ಮಾಡಿದ ಋಣಕ್ಕೆ, ಒಂದು ಸಲ ಗ್ರೀಸಣ್ಣನಿಗೆ ತೋರಿಸಿಬಿಡಿ ಎಂದರು. ಗ್ರೀಸಣ್ಣ ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್. ಅವನ ನಿಜವಾದ ಬಣ್ಣ ಯಾವುದೆಂದು ಕಂಡವರಿಲ್ಲ. ಮೇಷ್ಟ್ರು ಹೊರಟರು. ನ್ಯಾಯ ಏನಾಗುತ್ತದೋ ನೋಡಬೇಕೆಂದು ಮಿಕ್ಕ ಮೂವರೂ ಹೊರಟರು.

ಗ್ರೀಸಣ್ಣ ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಬೆಲ್ಟಿನ ಮೇಲೆ ಒಂದು ಚೊಂಬು ನೀರು ಸುರಿದ. ನೀರು ಬಿದ್ದಾಗ ಶಬ್ದ ನಿಂತರೆ ಬೆಲ್ಟಿನ ತಪ್ಪು, ನಿಲ್ಲದಿದ್ದರೆ ಬೆಲ್ಟು ಸುತ್ತುವ ಪುಲಿಯ ತಪ್ಪು ಎಂದು ವಿವರಿಸಿದ. ಶಬ್ದ ನಿಲ್ಲಲಿಲ್ಲ. ಪುಲಿಯೊಳಗಿನ ಬೇರಿಂಗ್ ಸವೆದಿದೆ, ಹೊಸದು ನಾಳೆಯೇ ಬರುವುದು ಎಂದ. ಆಮೇಲೆ ದನಿ ತಗ್ಗಿಸಿ, ಎರಡು ತೊಟ್ಟು ಎಣ್ಣೆ ಬಿಟ್ಟರೆ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿರುತ್ತದೆ, ಅಷ್ಟರಲ್ಲಿ ಎಫ್.ಸಿ. ಮುಗಿಸಿಕೊಂಡು ಬನ್ನಿ ಎಂದು ದಾರಿಯನ್ನೂ ತೋರಿಸಿದ.

ಯಾರಾದರೂ ಕೈ ಮುಗಿದು ಒಪ್ಪುವ ಮಾತು. ಮೇಷ್ಟ್ರು ಸೊಂಟದ ಮೇಲೆ ಕೈ ಇಟ್ಟುಕೊಂಡರು.

"ಇಲ್ಲದ ಕಾಯಿಲೆಗೆ ಔಷಧ ಕುಡಿಸೋನಲ್ಲ ನಾನು. ಬಾನೆಟ್ ಮುಚ್ಚು."

"ಸಾರ್, ನಾಲ್ಕು ಜನಕ್ಕೆ ಕೇಳಿಸ್ತಿದೆ."

"ನಾಲ್ಕಲ್ಲ, ನಲವತ್ತು ಜನ ಹೇಳಲಿ. ಹನ್ನೆರಡು ವರ್ಷ ಓಡಿಸಿರೋನು ನಾನು. ನನಗೆ ಕೇಳಿಸದೆ ಇರೋ ಶಬ್ದ ನನ್ನ ಗಾಡೀಲಿ ಹೇಗಪ್ಪ ಇರುತ್ತೆ?"

ಗ್ರೀಸಣ್ಣ ಬಾನೆಟ್ ಮುಚ್ಚಿದ. ಕೈ ಒರೆಸಿಕೊಳ್ಳುತ್ತ ಮೇಷ್ಟ್ರ ಹೆಂಡತಿಯ ಕಡೆಗೆ ಒಂದು ನೋಟ ನೋಡಿದ. ಇಂಥವರ ಜೊತೆ ಹೇಗಮ್ಮ ಬಾಳುತ್ತೀರಿ ಎಂಬ ಅರ್ಥ ಅದರಲ್ಲಿತ್ತು. ಅವರೂ ಅದಕ್ಕೆ ಕಣ್ಣಲ್ಲೇ ಉತ್ತರ ಕೊಟ್ಟರು.

ಊಟ ಮುಗಿಸಿ ಎರಡು ಗಂಟೆಗೆ ಸವಾರಿ ಹೊರಟಿತು. ಮೇಷ್ಟ್ರು ಒಬ್ಬರೇ ಹೋಗಬಹುದಿತ್ತು. ಆದರೆ ಹೆಂಡತಿಗೆ ಕಾರು ಫೇಲಾಗುವುದನ್ನು ಕಣ್ಣಾರೆ ನೋಡಬೇಕಿತ್ತು. ಟೀಚರಿಗೆ ತಮ್ಮ ಶ್ರುತಿಜ್ಞಾನ ಸರಿಯೆಂದು ಸರ್ಕಾರದ ಬಾಯಿಂದಲೇ ಕೇಳಬೇಕಿತ್ತು. ಗಾರ್ಡಿಗೆ ಬೇರೆ ಕೆಲಸವಿರಲಿಲ್ಲ.

ಸಾರಿಗೆ ಕಚೇರಿಗೆ ಹೋಗುವ ದಾರಿಯಲ್ಲಿ ಒಂದು ಮೇಲ್ಸೇತುವೆಯ ಏರು. ಪದ್ಧತಿಯಂತೆ ಮೂವರೂ ಬುಡದಲ್ಲಿ ಇಳಿದರು. ಮೇಷ್ಟ್ರು ಕಾರನ್ನು ಏರಿಗೆ ಬಿಟ್ಟರು. ಅದು ಮುಲುಗುತ್ತ, ಒದರುತ್ತ ಅರ್ಧ ಏರಿತು. ಅಲ್ಲಿ ಒಂದು ಗುಂಡಿ. ಗುಂಡಿಗೆ ಇಳಿದು ಎದ್ದ ಏಟಿಗೆ ಡಿಕ್ಕಿಯ ಬಾಗಿಲು ತಾನಾಗಿ ಮೇಲೆದ್ದಿತು, ತಗಡಿನ ಪೆಟ್ಟಿಗೆ ಅಡ್ಡ ಬಿತ್ತು. ಹಿಂದೆ ನಡೆದು ಬರುತ್ತಿದ್ದವರ ಕಣ್ಣೆದುರಿಗೇ ದವಡೆಗಳು ಒಂದೊಂದಾಗಿ ರಸ್ತೆಗೆ ಉರುಳತೊಡಗಿದವು.

ಗಾರ್ಡ್ ಜೇಬಿನಿಂದ ಸೀಟಿ ತೆಗೆದು ಕೆನ್ನೆ ಉಬ್ಬಿಸಿ ಊದಿದರು. ಆಚೆ ರಸ್ತೆಯ ಬಸ್ಸು ಗಕ್ಕನೆ ನಿಂತಿತು. ಒಬ್ಬ ಸೈಕಲ್ಲಿನವನು ಇಳಿದೇಬಿಟ್ಟ. ಮೇಷ್ಟ್ರ ಕಾರು ಮಾತ್ರ ನಿಲ್ಲಲಿಲ್ಲ. ಎರಡನೆಯ ಸಲ ಊದಿದರು, ಮೂರನೆಯ ಸಲ ಊದಿದರು. ಕಾರು ಹಲ್ಲು ಉದುರಿಸುತ್ತಲೇ ಏರಿ, ಆಚೆ ಇಳಿದು, ಕಣ್ಮರೆಯಾಯಿತು.

ಮೂವರೂ ಬಗ್ಗಿ ಬಗ್ಗಿ ದವಡೆ ಹೆಕ್ಕಿದರು. ನಿಂತ ಬಸ್ಸಿನವರು ಕಿಟಕಿಯಿಂದ ನೋಡುತ್ತಿದ್ದರು. ಟೀಚರ್ ಸೆರಗಿನಲ್ಲಿ ಯಾರದೋ ಕೆಳದವಡೆಗಳನ್ನು ತುಂಬಿಕೊಂಡು, ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಆಕಾಶ ನೋಡುತ್ತ ನಡೆದರು. ಇಳಿಜಾರಿನ ಕೊನೆಯಲ್ಲಿ, ಮರದ ನೆರಳಿನಲ್ಲಿ ಮೇಷ್ಟ್ರು ಆರಾಮವಾಗಿ ಕಾಯುತ್ತಿದ್ದರು. ಕೈತುಂಬ ಹಲ್ಲು ಹಿಡಿದು ಬಂದವರನ್ನು ಕಂಡು ಅವರಿಗೆ ಆಶ್ಚರ್ಯವಾಯಿತು.

"ಒಂದು ಕೂಗು ಹಾಕಬಾರದಿತ್ತಾ?"

ಗಾರ್ಡ್ ಉಸಿರು ಸುಧಾರಿಸಿಕೊಂಡರು. "ಸೀಟಿ ಊದಿದೆ ಮೇಷ್ಟ್ರೇ. ಮೂರು ಸಲ. ನನ್ನ ಸರ್ವಿಸ್ಸಿನಲ್ಲಿ ನನ್ನ ಸೀಟಿಗೆ ಬೆಲೆ ಕೊಡದ ಗಾಡಿ ಇದೊಂದೇ."

"ಊದಿದ್ರೆ ನಿಲ್ಲಿಸ್ತಿರಲಿಲ್ವಾ? ಸುಮ್ನೆ ಏನೇನೋ ಹೇಳ್ಬೇಡಿ."

ಗಾರ್ಡ್ ದವಡೆಗಳನ್ನು ಪೆಟ್ಟಿಗೆಗೆ ತುಂಬಿ ಡಿಕ್ಕಿ ಮುಚ್ಚಿದರು. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖ ಗಂಟು ಹಾಕಿ ಕೂತರು. ಇಷ್ಟು ಹೊತ್ತು ಅವರಿಗೆ ಬರೀ ಕುತೂಹಲವಿತ್ತು. ಈಗ ಕಾರು ಫೇಲಾಗಲಿ ಎಂದು ಮನಸಾರೆ ಹಾರೈಸುವವರು ಮೂವರಾದರು.

ಕಚೇರಿಯ ಅಂಗಳದಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಕಿವಿ ಸಾಹೇಬ ಸಣ್ಣ ಆಳು, ಕಿವಿ ಮಾತ್ರ ಹೆಸರಿಗೆ ತಕ್ಕಂತಿದ್ದವು. ಅವನು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದ ಕೂಡಲೇ ಮಾಲೀಕರಿಗೆಲ್ಲ ಏನೋ ಆಗುತ್ತಿತ್ತು. ಒಬ್ಬ ಕೆಮ್ಮಲು ಶುರು ಮಾಡಿದ. ಇನ್ನೊಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ ಯಾರನ್ನೋ ಗಟ್ಟಿಯಾಗಿ ಕರೆಯತೊಡಗಿದ. ತಮ್ಮ ಗಾಡಿಯ ದನಿ ಮುಚ್ಚಲು ಒಬ್ಬೊಬ್ಬರದು ಒಂದೊಂದು ಉಪಾಯ. ಮೇಷ್ಟ್ರ ಸರದಿ ಬಂತು. ಅವರು ಇಂಜಿನ್ ಶುರು ಮಾಡಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಎದೆಯುಬ್ಬಿಸಿ ಕೂತರು. ಕಾರು ಕೀಚ್ ಕೀಚ್ ಎಂದು ಅಂಗಳವೆಲ್ಲ ಕೇಳುವಂತೆ ಒದರಿತು. ಹೊರಗೆ ನಿಂತ ಹೆಂಡತಿ ಗುಜರಿಯವನ ನಂಬರನ್ನು ಫೋನಿನಲ್ಲಿ ಹುಡುಕಿ ಇಟ್ಟುಕೊಂಡರು.

ಸಾಹೇಬ ಕಣ್ಣು ತೆರೆದ. ಬ್ರೇಕ್ ಒತ್ತಿಸಿದ, ಸ್ಟೀರಿಂಗ್ ತಿರುಗಿಸಿದ, ಲೈಟು ನೋಡಿದ, ಹೊಗೆಗೆ ಯಂತ್ರ ಹಿಡಿದ, ಚಕ್ರ ಎತ್ತಿಸಿ ಅಲುಗಾಡಿಸಿದ. ಕಾಲು ಗಂಟೆಯಾದ ಮೇಲೆ ಮೇಜಿಗೆ ಬಂದು ಪೆನ್ನು ತೆಗೆದ.

"ಬ್ರೇಕ್ ಗಟ್ಟಿಯಾಗಿದೆ. ಸ್ಟೀರಿಂಗ್ ಚೆನ್ನಾಗಿದೆ. ಹೊಗೆ ಕಡಿಮೆ. ಶಬ್ದ ಇದೆ, ಇರಲಿ. ಅದರಿಂದ ಯಾರೂ ಸಾಯೋದಿಲ್ಲ," ಎಂದು ಹೇಳಿ ಐದು ವರ್ಷಕ್ಕೆ ಮೊಹರು ಒತ್ತಿದ.

ಹೆಂಡತಿ ಫೋನನ್ನು ಚೀಲಕ್ಕೆ ಹಾಕಿಕೊಂಡರು. ಗಾರ್ಡ್ ಬೇರೆ ಕಡೆಗೆ ತಿರುಗಿದರು. ಈಗ ಮೇಷ್ಟ್ರು ಆ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ನಮಸ್ಕಾರ ಹೇಳಿ ಹೊರಟಿದ್ದರೆ ಅವರ ಜನ್ಮ ಸಾರ್ಥಕವಾಗುತ್ತಿತ್ತು. ಆದರೆ ಅವರು ನಿಂತು ಓದಿದರು. ಕೆಳಗೆ, ಷರಾ ಎಂಬಲ್ಲಿ, 'ಇಂಜಿನ್ ಬಳಿ ಕರ್ಕಶ ಶಬ್ದವಿದೆ' ಎಂದು ಬರೆದಿತ್ತು.

ಮೇಷ್ಟ್ರು ಕಾಗದವನ್ನು ಮೇಜಿನ ಮೇಲೆ ಇಟ್ಟು, ಆ ಸಾಲು ಹೊಡೆದುಹಾಕಿ ಎಂದರು. ಪಾಸಾಗಿದೆಯಲ್ಲ, ಮನೆಗೆ ಹೋಗಿ ಎಂದು ಸಾಹೇಬ ಹೇಳಿದ. ಇಲ್ಲದ್ದನ್ನು ಇದೆ ಎಂದು ಬರೆಸಿಕೊಂಡು ಹೋಗುವ ಜಾಯಮಾನ ನಮ್ಮದಲ್ಲ ಎಂದರು ಮೇಷ್ಟ್ರು. ಮೂವತ್ತು ವರ್ಷದಲ್ಲಿ ತಾವು ಒಬ್ಬರ ಬಾಯಿಗೂ ಸುಳ್ಳು ಅಳತೆಯ ಹಲ್ಲು ಕೊಟ್ಟಿಲ್ಲವೆಂದೂ, ತಮ್ಮ ಗಾಡಿಯ ಮೇಲೆ ಸುಳ್ಳು ಬರೆಯಲು ಯಾರಿಗೂ ಬಿಡುವುದಿಲ್ಲವೆಂದೂ ದನಿ ಏರಿಸಿದರು. ಹೆಂಡತಿ ತೋಳು ಹಿಡಿದು ಎಳೆದರೂ ಜಗ್ಗಲಿಲ್ಲ. ಸಾಲಿನಲ್ಲಿದ್ದವರು ಹತ್ತಿರ ಬಂದರು.

ಸಾಹೇಬನಿಗೆ ಸಿಟ್ಟು ಬರಲಿಲ್ಲ. ಇಪ್ಪತ್ತು ವರ್ಷದಿಂದ ಶಬ್ದ ಮುಚ್ಚಿಡುವವರನ್ನು ನೋಡಿ ನೋಡಿ ಸಾಕಾಗಿದ್ದವನು ಈ ಮುಖವನ್ನು ಬಹಳ ಹೊತ್ತು ನೋಡಿದ. ಅದರಲ್ಲಿ ಕಳ್ಳತನ ಎಳ್ಳಷ್ಟೂ ಇರಲಿಲ್ಲ.

"ನಿಮಗೆ ನಿಜವಾಗ್ಲೂ ಕೇಳಿಸ್ತಿಲ್ವಾ ಸಾರ್?"

"ನನ್ನ ಮಕ್ಕಳಾಣೆಗೂ ಇಲ್ಲ."

ಸಾಹೇಬ ಅವರನ್ನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಲು ಹೇಳಿದ. ಒಂದು ಸಣ್ಣ ಪರೀಕ್ಷೆ, ಶಬ್ದ ಕೇಳಿಸಿದ ಕೂಡಲೇ ಕೈ ಎತ್ತಿ ಎಂದ. ಆಮೇಲೆ ಗಾರ್ಡಿನ ಜೇಬಿನಿಂದ ಇಣುಕುತ್ತಿದ್ದ ಸೀಟಿಯನ್ನು ಕಣ್ಣಲ್ಲೇ ತೋರಿಸಿದ. ಗಾರ್ಡಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಮಧ್ಯಾಹ್ನದ ಅವಮಾನವನ್ನೆಲ್ಲ ಎರಡು ಕೆನ್ನೆಯಲ್ಲಿ ತುಂಬಿಕೊಂಡು ಊದಿದರು. ಸಾಲಿನವರು ಕಿವಿ ಮುಚ್ಚಿಕೊಂಡರು, ಟೀಚರ್ ಕುರ್ಚಿ ಹಿಡಿದುಕೊಂಡರು, ಮರದ ಮೇಲಿನ ಕಾಗೆಗಳೆಲ್ಲ ಎದ್ದು ಹಾರಿದವು.

ಮೇಷ್ಟ್ರು ಗೋಡೆಯನ್ನೇ ನೋಡುತ್ತ, "ಶುರು ಮಾಡಿ, ಎಷ್ಟು ಹೊತ್ತು ಹೀಗೆ ನಿಲ್ಲಿಸ್ತೀರಿ?" ಎಂದರು.

ಯಾರೂ ನಗಲಿಲ್ಲ. ಗಾರ್ಡ್ ಸೀಟಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಹೆಂಡತಿಗೆ ಮನೆಯಲ್ಲಿ ಗಂಡ ಮಾಡಿದ್ದೆಲ್ಲ ಒಂದೊಂದೇ ನೆನಪಾಯಿತು. ಕರೆಗಂಟೆಗೆ ಏಳದಿದ್ದದ್ದು, ಕುಕ್ಕರ್ ಕೂಗಿದರೂ ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತದ್ದು, ಎಲ್ಲವನ್ನೂ ಅವರು ಇಷ್ಟು ವರ್ಷ ಹಟ ಎಂದೇ ಅಂದುಕೊಂಡು ಜಗಳವಾಡಿದ್ದರು. ಪಾಪ ಅನಿಸಿತು. ನಾಚಿಕೆಯೂ ಆಯಿತು.

ಲೈಸೆನ್ಸ್ ತೋರಿಸಿ ಎಂದ ಸಾಹೇಬ. ತೋರಿಸಿದರು. ಅದನ್ನು ತನ್ನ ಮೇಜಿನ ಡ್ರಾಯರಿಗೆ ಹಾಕಿ, ಅಂಗಳದಾಚೆಯ ಡಾಕ್ಟರ ಕೋಣೆಗೆ ಕಳಿಸಿದ. ಬಸ್ಸು ಲಾರಿ ಡ್ರೈವರುಗಳ ಕಣ್ಣು ಕಿವಿ ನೋಡುವ ಡಾಕ್ಟರು. ಅವರು ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿ, ದಪ್ಪ ದನಿಯೆಲ್ಲ ಕೇಳಿಸುತ್ತದೆ, ತೆಳು ದನಿಯೆಲ್ಲ ಹೋಗಿದೆ, ಮೂವತ್ತು ವರ್ಷ ಉಜ್ಜುಯಂತ್ರದ ಪಕ್ಕ ಕೂತವರಿಗೆ ಇಷ್ಟಾದರೂ ಉಳಿದಿರುವುದೇ ಪುಣ್ಯ ಎಂದರು. ಪರೀಕ್ಷೆಗೆಂದು ಇಟ್ಟಿದ್ದ ಒಂದು ಕಿವಿಯಂತ್ರವನ್ನು ಬಲಗಿವಿಗೆ ಸಿಕ್ಕಿಸಿದರು. ಒಂದು ವಾರ ತೆಗೆಯದೆ ಹಾಕಿಕೊಂಡಿರಬೇಕು, ಮಲಗುವಾಗ ಮಾತ್ರ ತೆಗೆಯಬಹುದು. ಆಮೇಲೆ ಬಂದರೆ ಲೈಸೆನ್ಸಿನ ವಿಚಾರ. ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಕಾರು ಲಾಯಕ್ಕು, ಓಡಿಸುವವರು ನಾಲಾಯಕ್ಕು ಎಂದು ಒಂದೇ ಕಚೇರಿಯಲ್ಲಿ ಒಂದೇ ದಿನ ಎರಡು ಕಾಗದ ಕೈಗೆ ಬಂದವು.

ಈಗ ಕಾರನ್ನು ಮನೆಗೆ ಒಯ್ಯುವವರು ಯಾರು? ಗಾರ್ಡ್ ತಾವು ಇಡೀ ಸರ್ವಿಸ್ಸು ಗಾಡಿಯ ಕೊನೆಯ ಡಬ್ಬಿಯಲ್ಲೇ ಕೂತಿದ್ದಾಗಿ ಒಪ್ಪಿಕೊಂಡರು. ಟೀಚರಿಗೆ ಸೈಕಲ್ ಕೂಡ ಬರುತ್ತಿರಲಿಲ್ಲ. ಮೇಷ್ಟ್ರ ಹೆಂಡತಿ ಚೀಲದ ಒಳಜೇಬಿನಿಂದ ಒಂದು ಲೈಸೆನ್ಸ್ ತೆಗೆದು ಸಾಹೇಬನ ಮುಂದೆ ಇಟ್ಟರು. ಹದಿನಾಲ್ಕು ವರ್ಷದ ಹಿಂದೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತದ್ದು, ಗಡುವು ಮುಗಿದಾಗಲೆಲ್ಲ ರಿನ್ಯೂ ಮಾಡಿಸಿದ್ದು. ಈ ಗಾಡಿ ನನ್ನ ಮಾತು ಮಾತ್ರ ಕೇಳುತ್ತದೆ ಎಂದು ಮೇಷ್ಟ್ರು ಒಂದು ದಿನವೂ ಕೀಲಿ ಕೊಟ್ಟಿರಲಿಲ್ಲ.

ಆಕೆ ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿ, ಕೀಲಿ ತಿರುಗಿಸಿದರು.

ಮೇಷ್ಟ್ರ ಬಲಗಿವಿಯಲ್ಲಿ ಕೀಚ್ ಎಂದಿತು. ಅವರು ಕೂತಲ್ಲೇ ನೆಟ್ಟಗಾದರು. ಅದು ಹಲ್ಲಿನ ಬೇರಿಗೆ ಹೋಗಿ ಮುಟ್ಟುವಂಥ ಶಬ್ದ. ಅದರ ಹಿಂದೆ ಇನ್ನೂ ಏನೇನೋ ಕೇಳಿಸಿದವು. ಬಾಗಿಲು ಗಿಲಗಿಲ ಅಂದಿತು, ಸೀಟಿನ ಸ್ಪ್ರಿಂಗು ನರಳಿತು, ಹಿಂದೆ ಗಾರ್ಡಿನ ಮೂಗಿನ ಉಸಿರು, ಟೀಚರಿನ ಗುನುಗು.

"ಇದೇನಾ?" ಎಂದು ಕೇಳಿದರು.

"ಇದೇ," ಎಂದರು ಮೂವರೂ.

ಮೇಲ್ಸೇತುವೆಯ ಬುಡ ಬಂದಾಗ ಗಾರ್ಡ್ ಮತ್ತು ಟೀಚರ್ ಇಳಿಯಲು ಸಿದ್ಧರಾದರು. ಕೂತಿರಿ ಎಂದ ಹೆಂಡತಿ ಮೊದಲನೆಯ ಗೇರಿಗೆ ಹಾಕಿ, ನಾಲ್ವರನ್ನೂ ನಲವತ್ತು ಬಾಯಿಗಳನ್ನೂ ಹೊತ್ತುಕೊಂಡು ನಿಧಾನವಾಗಿ ಏರಿಸಿಬಿಟ್ಟರು. ಹನ್ನೆರಡು ವರ್ಷ ಮೇಷ್ಟ್ರು ಆ ಏರನ್ನು ಎರಡನೆಯ ಗೇರಿನಲ್ಲೇ ಹತ್ತಿಸಲು ಹೋರಾಡಿದ್ದರು. ಆ ವಿಷಯ ಯಾರೂ ಎತ್ತಲಿಲ್ಲ.

ಇಳಿಜಾರಿನಲ್ಲಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎರಡು ಮೈಲಿಗೇ ತಲೆ ಚಿಟ್ಟು ಹಿಡಿದಿತ್ತು.

"ಇದನ್ನ ಕೊಟ್ಟುಬಿಡೋಣ. ನಾಳೆ ಯಾಕೆ, ಈಗಲೇ ಗುಜರಿಯವನಿಗೆ ಫೋನ್ ಮಾಡು. ಇಂಥ ಗಾಡೀಲಿ ಮನುಷ್ಯರು ಕೂರ್ತಾರಾ?"

ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಯಾಕೆ ಕೊಡ್ಬೇಕು? ಬ್ರೇಕ್ ಗಟ್ಟಿಯಾಗಿದೆ, ಸ್ಟೀರಿಂಗ್ ಚೆನ್ನಾಗಿದೆ. ವಯಸ್ಸಾದ ಮೇಲೆ ಸ್ವಲ್ಪ ಸದ್ದು ಇದ್ದೇ ಇರುತ್ತೆ. ಅಷ್ಟಕ್ಕೆಲ್ಲ ಮನೆಯಿಂದ ಆಚೆ ಹಾಕೋದಾದ್ರೆ ಮೊದಲು ಯಾರನ್ನ ಹಾಕ್ಬೇಕು, ನೀವೇ ಹೇಳಿ."

ಹಿಂದಿನಿಂದ ಗಾರ್ಡ್ ಸೊಗಸಾಗಿ ಕೆಮ್ಮಿದರು. ಅದೂ ಸ್ಪಷ್ಟವಾಗಿ ಕೇಳಿಸಿತು. ನಾನು ಸೋಲುವವನಲ್ಲ ಎಂದು ಮೇಷ್ಟ್ರು ಕಿವಿಯಂತ್ರಕ್ಕೆ ಕೈ ಹಾಕಿದರು.

"ತೆಗೀರಿ ಬೇಕಾದ್ರೆ," ಎಂದರು ಹೆಂಡತಿ. "ನಾನು ಡಾಕ್ಟರಿಗೆ ಹೇಳ್ತೀನಿ, ಲೈಸೆನ್ಸ್ ಸಾಹೇಬರ ಡ್ರಾಯರಿನಲ್ಲೇ ಇರುತ್ತೆ. ನನಗೇನೂ ಅವಸರ ಇಲ್ಲ."

ಮೇಷ್ಟ್ರು ಕೈ ಕೆಳಗಿಳಿಸಿದರು. ಮನೆಯ ತಿರುವು ಬಂತು. ಗೇಟು ಕಾಣಿಸಿತು, ಗೋಡೆ ಕಾಣಿಸಿತು. ಕಾರು ತಿರುಗಲಿಲ್ಲ, ನೆಟ್ಟಗೆ ಮುಂದೆ ಹೋಯಿತು.

"ಮನೆ ಆ ಕಡೆ ಕಣೇ."

"ಗೊತ್ತು," ಎಂದು ಹೆಂಡತಿ ಗೇರು ಬದಲಿಸಿದರು. "ಇನ್ನೊಂದು ಸುತ್ತು ಹಾಕ್ಕೊಂಡು ಬರೋಣ. ಗಾಡಿ ಎಷ್ಟು ಚೆನ್ನಾಗಿ ಓಡ್ತಿದೆ ನೋಡಿ."